ಮುಂಚೂಣಿಯಲ್ಲೊಂದು ಇಡ್ಲಿ

ಸೋತವರ ಮೇಲೆ ಜನ ತೋರಿಸುವ ಕರುಣೆಯಲ್ಲಿ ಕಾಲು ಭಾಗವನ್ನಾದರೂ ಗೆದ್ದವರ ಮೇಲೆ ತೋರಿಸಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ತಂಡ ಸೋತ ದಿನ ಯಾರೂ ಯಾರನ್ನೂ ಬೈಯುವುದಿಲ್ಲ. ನೆಲ ಜಾರುತ್ತಿತ್ತು, ಗಾಳಿ ಎದುರಿಗಿತ್ತು, ಎದುರಾಳಿಗಳಲ್ಲಿ ಇಬ್ಬರು ಮನುಷ್ಯರ ಅಳತೆಯಲ್ಲೇ ಇರಲಿಲ್ಲ ಎಂದು ಸಮಾಧಾನ ಹೇಳಿ, ಬೆನ್ನು ತಟ್ಟಿ, ಮನೆಗೆ ಹೋಗುತ್ತಾರೆ. ಗೆದ್ದ ದಿನ ನೋಡಿ. ಆಟಗಾರರ ಬೆವರು ಆರುವ ಮೊದಲೇ ಅಭಿಮಾನಿಗಳು ತಟ್ಟೆ ಹಿಡಿದು ಸುತ್ತ ಕೂತು, ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರು ನಿಂತದ್ದೇ ತಪ್ಪು, ಯಾರನ್ನು ಮುಂದಿನ ವಾರ ಮನೆಯಲ್ಲೇ ಬಿಟ್ಟು ಬರಬೇಕು ಎಂದು ಮರಣೋತ್ತರ ಪರೀಕ್ಷೆ ಶುರು ಮಾಡುತ್ತಾರೆ. ಸತ್ತದ್ದನ್ನು ಕೊಯ್ದು ನೋಡಿದರೆ ಅರ್ಥವಿದೆ. ಕಣ್ಣೆದುರಿಗೆ ಉಸಿರಾಡುತ್ತಿರುವ ಗೆಲುವನ್ನು ಕೊಯ್ಯುವುದು ಯಾವ ನ್ಯಾಯ?

ನನಗೆ ಸಿಟ್ಟು ಬಂದಿದೆ. ಬಂದು ಕೆಲವು ವಾರಗಳಾದವು, ಇನ್ನೂ ಹೋಗಿಲ್ಲ. ಆದರೆ ಸಿಟ್ಟಿನ ಮನುಷ್ಯರ ಸಾಕ್ಷಿಯನ್ನು ನಂಬಬಾರದೆಂಬ ತಿಳಿವಳಿಕೆ ನನಗಿದೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ಮೇಷ್ಟ್ರೊಬ್ಬರು, ‘ಕಣ್ಣಾರೆ ಕಂಡೆ ಎನ್ನುವವನನ್ನು ಎರಡು ಸಲ ಪ್ರಶ್ನಿಸಿ’ ಎನ್ನುತ್ತಿದ್ದರು. ಅಥವಾ ಮೂರು ಸಲ ಎಂದಿದ್ದರೋ ಏನೋ. ನಾನು ದಿನವೂ ಡೈರಿ ಬರೆಯುವುದು ಶಿಸ್ತಿನಿಂದಲ್ಲ, ಹೆದರಿಕೆಯಿಂದ. ನನ್ನ ನೆನಪು ತನಗೆ ಹಿತವಾದ ತುಂಡುಗಳನ್ನು ಇಟ್ಟುಕೊಂಡು ಉಳಿದದ್ದಕ್ಕೆ ತಾನೇ ತೇಪೆ ಹಾಕಿಕೊಳ್ಳುತ್ತದೆ. ಹಾಗಾಗಿ ಈ ಬರಹದಲ್ಲಿ ಯಾರಿಗಾದರೂ ಅನ್ಯಾಯವಾಗಿದ್ದರೆ ಅದಕ್ಕೆ ಕಾರಣ ನನ್ನ ನೆನಪು. ನನ್ನ ಗಂಡನಿಗೆ ಆದ ಅನ್ಯಾಯಕ್ಕೆ ಮಾತ್ರ ಕಾರಣರಾದವರು ಬೇರೆ ಇದ್ದಾರೆ.

ನನ್ನ ಗಂಡ ವಾದಿರಾಜ, ಬಾಗಲಕೋಟೆಯವರು, ಅಮೆರಿಕದ ಸಿಯಾಟಲ್ ಪಕ್ಕದ ಬೆಲ್ವ್ಯೂನ ಒಂದು ಆಫೀಸಿನಲ್ಲಿ ಕೆಲಸ. ಅದೇ ಆಫೀಸಿನಲ್ಲಿ ಮೆಲ್ಬರ್ನಿನ ಕ್ರೇಗ್ ಇದ್ದಾನೆ. ಅವನ ಊರಿನವರು ಆಡುವ ಫುಟ್‌ಬಾಲೇ ಬೇರೆ. ಅದರ ಚೆಂಡು ಕೋಳಿಮೊಟ್ಟೆಯ ಆಕಾರದ್ದು. ಒದೆಯಲೂಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ಗೋಲಿಗೆ ಬಲೆಯಿಲ್ಲ, ಸಾಲಾಗಿ ನಾಲ್ಕು ಕಂಬಗಳು ಮಾತ್ರ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ. ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಈ ದಯಾಳು ಆಟವನ್ನು ಸಿಯಾಟಲ್ ಸುತ್ತ ಬೆಳೆಸಲೇಬೇಕೆಂದು ಹೊರಟ ಕ್ರೇಗ್‌ಗೆ ಆಳುಗಳು ಬೇಕಿದ್ದವು. ಒಂದು ದಿನ ಆಫೀಸಿನ ಫ್ರಿಜ್ ಮೇಲಿಂದ ಜಾರಿದ ಊಟದ ಡಬ್ಬಿಯನ್ನು ನಮ್ಮವರು ಎರಡೂ ಕೈ ಎತ್ತಿ, ಎಗರಿ, ಗಾಳಿಯಲ್ಲೇ ಹಿಡಿದದ್ದನ್ನು ಕಂಡು ಅವನು ಬೆರಗಾದನಂತೆ. ಡಬ್ಬಿಯಲ್ಲಿ ಎಣ್ಣೆಗಾಯಿ ಇತ್ತು. ಅದಕ್ಕಾದರೆ ಯಾರಾದರೂ ಎಗರುತ್ತಿದ್ದರು. ಆದರೆ ಕ್ರೇಗ್ ಅದರಲ್ಲಿ ಪ್ರತಿಭೆಯನ್ನು ಕಂಡ. ಹಾಗೆ ನಮ್ಮವರು, ನಲವತ್ತು ದಾಟಿದ ಮೇಲೆ, ಮುಂಚೂಣಿಯ ಮೂವರಲ್ಲಿ ಒಬ್ಬರಾದರು.

ಇದು ಅವರಿಗೆ ಎಂಥ ಸಂಗತಿ ಎಂದು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗಲಾರದು. ಶಾಲೆಯಲ್ಲಿ, ಕಾಲೇಜಿನಲ್ಲಿ, ಯಾವ ಆಟಕ್ಕೂ ಯಾವ ನಾಯಕನೂ ಅವರ ಹೆಸರು ಕರೆದವನಲ್ಲ. ಉಳಿದವರು ಆಡುವಾಗ ಅವರೆಲ್ಲರ ವಾಚು, ಚಪ್ಪಲಿ ಕಾಯುವ ಕೆಲಸ ಇವರದು. ಅಂಥವರು ಈಗ ಗುರುವಾರವೇ ಬೂಟು ಒರೆಸಿಡುತ್ತಾರೆ. ಶನಿವಾರ ಬೆಳಿಗ್ಗೆ ಶೋರ್‌ಲೈನಿನ ಮೈದಾನದಲ್ಲಿ ಪ್ಲಾಸ್ಟಿಕ್ ಕೊಳವೆಯ ಕಂಬಗಳನ್ನು ತಾವೇ ಊರುತ್ತಾರೆ. ಸೋಮವಾರ ಆಫೀಸಿಗೆ ಸ್ವಲ್ಪ ಕುಂಟುತ್ತಾ ಹೋಗುತ್ತಾರೆ, ಯಾರಾದರೂ ಕೇಳಲಿ ಎಂದು. ಮುಂಚೂಣಿಯಲ್ಲಿ ಅವರ ಕೆಲಸ ಓಡುವುದು. ಎದುರಾಳಿಗಳ ಅತಿ ದೊಡ್ಡ ರಕ್ಷಕನನ್ನು ಬೆನ್ನಿಗೆ ಹಚ್ಚಿಕೊಂಡು ಮೂಲೆಗೆ ಓಡಿಬಿಟ್ಟರೆ ನಡುವೆ ಜಾಗ ತೆರೆಯುತ್ತದೆ, ಅಲ್ಲಿ ಇನ್ನೊಬ್ಬ ಬಂದು ಗೋಲು ಹೊಡೆಯುತ್ತಾನೆ. ಈ ತ್ಯಾಗದ ಮರ್ಮ ತಿಳಿದವರು ಮೂವರೇ: ಕ್ರೇಗ್, ನಮ್ಮವರು ಮತ್ತು ನಾನು. ಉಳಿದವರ ಕಣ್ಣಿಗೆ ಕಾಣುವುದು ಒಂದೇ, ಈ ಮನುಷ್ಯ ಚೆಂಡನ್ನು ಮುಟ್ಟುವುದೇ ಇಲ್ಲ.

ಆ ಶನಿವಾರ ನಾವು ಟಕೋಮಾದವರನ್ನು ಸೋಲಿಸಿದೆವು. ಆಟ ಮುಗಿದ ಮೇಲೆ ಮೈದಾನದ ಪಕ್ಕದ ಮರದ ಬೆಂಚುಗಳಲ್ಲಿ ತಿಂಡಿ. ನಾನು ಇಡ್ಲಿ, ಚಟ್ನಿ ಒಯ್ದಿದ್ದೆ. ಒಂದು ಇಡ್ಲಿ ಬಾಯಿಗೆ ಹೋಗುವ ಮೊದಲೇ ವಿನಯ್ ಶುರು ಮಾಡಿದ. ವಿನಯ್ ಬೆಂಗಳೂರಿನವನು, ಮಂಡಿನೋವಿನಿಂದಾಗಿ ಆಡುವುದಿಲ್ಲ, ಆದ್ದರಿಂದ ಎಲ್ಲ ಗೊತ್ತು. ಕಾಗದದ ತಟ್ಟೆಯ ತುಂಬ ಚಟ್ನಿ ಹರಡಿ ಮೈದಾನ ಮಾಡಿದ. ಅದರ ಮೇಲೆ ಮೂರು ಇಡ್ಲಿ ಇಟ್ಟ.

“ನೋಡಿ, ಇದು ನಮ್ಮ ಫಾರ್ವರ್ಡ್ ಲೈನ್. ಈ ಎರಡು ಓಕೆ. ಈ ಮೂರನೇದು ವಾದಿ ಸರ್. ಇಡೀ ಮ್ಯಾಚಲ್ಲಿ ಈ ಇಡ್ಲಿ ಒಂದ್ಸಲ ಆದ್ರೂ ಬಾಲ್ ಮುಟ್ಟಿದೆಯಾ?”

“ಓಡತಾನ್ರಿ ನಮ್ಮ ವಾದ್ಯಾ, ಸುಳ್ಳ್ಯಾಕ,” ಎಂದ ಬಸವರಾಜ. ಅವನು ನಮ್ಮವರ ಊರಿನವನೇ, ಹಿಂದಿನ ಸಾಲಿನಲ್ಲಿ ಆಡುತ್ತಾನೆ. ಈಗಲಾದರೂ ಒಬ್ಬ ಬೆಂಬಲಕ್ಕೆ ಬಂದನಲ್ಲ ಎಂದು ನಾನು ಅವನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕುವಷ್ಟರಲ್ಲಿ ಅವನು ಮಾತು ಮುಗಿಸಿದ. “ಆದ್ರ ಚೆಂಡ ಇಲ್ಲದ ಕಡೆ ಓಡತಾನ!”

ಎಲ್ಲರೂ ನಕ್ಕರು. ವಿನಯ್ ಆ ಮೂರನೆಯ ಇಡ್ಲಿಯನ್ನು ಎತ್ತಿ, ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ, “ಈಗ ನೋಡಿ ಎಷ್ಟು ಸ್ಪೇಸ್ ಇದೆ!” ಎಂದ. ಆ ಇಡ್ಲಿಗೆ ಹಿಟ್ಟು ರುಬ್ಬಿದವಳು ನಾನು. ಆ ಗಂಡನ ಮಂಡಿಗೆ ಪ್ರತಿ ಶನಿವಾರ ಸಂಜೆ ಎಣ್ಣೆ ಹಚ್ಚುವವಳೂ ನಾನು. ಎರಡನ್ನೂ ನನ್ನ ಕಣ್ಣೆದುರಿಗೇ ಒಂದೇ ತುತ್ತಿನಲ್ಲಿ ನುಂಗಿದವನಿಗೆ ಆಮೇಲೆ ನಾನು ಕಾಫಿ ಕೊಡಲಿಲ್ಲ. ಅಥವಾ ಕೊಟ್ಟೆನೋ? ಕೊಟ್ಟಿದ್ದರೂ ಸಕ್ಕರೆ ಹಾಕಿರಲಾರೆ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ,” ಎಂದಳು ವಿನಯ್‌ನ ಹೆಂಡತಿ ರಶ್ಮಿ. “ಅಣ್ಣಂಗೂ ರೆಸ್ಟ್ ಬೇಕಲ್ವಾ? ಸಂದೀಪ್ ಇದಾನೆ, ಒಳ್ಳೆ ಹೈಟು, ಫಾಸ್ಟ್ ಆಗಿ ಓಡ್ತಾನೆ...”

“ಸಂದೀಪ್ ನಿನ್ನ ತಮ್ಮ.”

“ಅದಕ್ಕೂ ಇದಕ್ಕೂ ಏನಕ್ಕ ಸಂಬಂಧ? ನಾನು ಪೂರ್ತಿ ಟೀಮ್ ದೃಷ್ಟಿಯಿಂದ ಮಾತಾಡ್ತಿದೀನಿ.”

ನಾನು ತಟ್ಟೆ ಕೆಳಗಿಟ್ಟೆ. ಕೊನೆಯ ಗೋಲು ಬಿದ್ದದ್ದೇ ನಮ್ಮವರಿಂದ, ಕೆಂಪು ಗಡ್ಡದ ಆ ದೈತ್ಯನನ್ನು ಇವರು ಮೂಲೆಗೆ ಎಳೆದುಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಜಿಟಿಜಿಟಿ ಮಳೆಯಲ್ಲಿ ಇಬ್ಬರೂ ಕೆಸರು ಹಾರಿಸುತ್ತಾ ಓಡಿದರು ಎಂದು ವಾದಿಸಿದೆ. ರಶ್ಮಿ ಫೋನು ತೆಗೆದು ವಿಡಿಯೋ ಹಾಕಿದಳು. ವಿಡಿಯೋದಲ್ಲಿ ಬಿಸಿಲಿತ್ತು. ಕೆಂಪು ಗಡ್ಡವೇನೋ ಓಡುತ್ತಿತ್ತು, ಆದರೆ ಯಾರ ಹಿಂದೆ ಎಂಬುದು ಚಿತ್ರದ ಅಂಚಿನಾಚೆಗಿತ್ತು. ಅಂಚಿನಲ್ಲಿ ಒಂದು ಕಾಲು ಮಾತ್ರ ಕಾಣುತ್ತಿತ್ತು. ಅದು ನಮ್ಮವರದೇ ಎಂದು ನಾನು, ಎದುರಾಳಿಯದು ಎಂದು ರಶ್ಮಿ. ಸ್ವಂತ ಗಂಡನ ಕಾಲನ್ನು ಸಾಬೀತು ಮಾಡಬೇಕಾದ ಹೊತ್ತು ಯಾವ ಗೃಹಿಣಿಗೂ ಬಾರದಿರಲಿ. ನಮ್ಮವರನ್ನೇ ಕೇಳೋಣವೆಂದರೆ ಅವರು ಕಿತ್ತಳೆ ಸುಲಿಯುತ್ತಾ ಎಲ್ಲರ ಜೊತೆ ಸೇರಿ ನಗುತ್ತಿದ್ದರು.

ಅಷ್ಟರಲ್ಲಿ ಕ್ರೇಗ್ ಬಂದ. ಮುಂದಿನ ವಾರ ಪೋರ್ಟ್‌ಲ್ಯಾಂಡಿನವರ ಜೊತೆ ಆಟ. ಅವರನ್ನು ನಾವು ಈವರೆಗೆ ಸೋಲಿಸಿಲ್ಲ. ಮುಂಚೂಣಿಗೆ ನೀನು ತಯಾರಿದ್ದೀಯಾ ಎಂದು ನೇರವಾಗಿ ನಮ್ಮವರನ್ನೇ ಕೇಳಿದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಮ್ಮವರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, “ಛೆ ಛೆ, ನಾನ್ಯಾಕೆ, ಬೇರೆಯವರಿಗೆ ಅವಕಾಶ ಕೊಡು,” ಎಂದರು. ಹೀಗೆಂದವರನ್ನು ಏನು ಮಾಡಬೇಕೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕೈ ಹಿಡಿದು, ನೀವಿಲ್ಲದೆ ಹೇಗೆ, ಸಾಧ್ಯವೇ ಇಲ್ಲ ಎನ್ನಬೇಕು. ಅವರು ಇನ್ನೊಮ್ಮೆ ಬೇಡ ಎನ್ನಬೇಕು. ನಾವು ಮುನಿಸಿಕೊಳ್ಳಬೇಕು. ಆಮೇಲೆ, ಇಷ್ಟು ಹೇಳ್ತೀರಿ ಅಂದಮೇಲೆ ಎಂದು ಅವರು ಒಪ್ಪಬೇಕು. ಮೆಲ್ಬರ್ನಿನ ಕ್ರೇಗ್ ಅವರ ಭುಜ ತಟ್ಟಿ, ಎಂಥ ದೊಡ್ಡ ಮನಸ್ಸು ನಿನ್ನದು ಎಂದು ಮೆಚ್ಚಿ, ಅಲ್ಲೇ ಸಂದೀಪನ ಹೆಸರು ಹೇಳಿ ಹೊರಟುಹೋದ. ರಶ್ಮಿ ನನ್ನ ಕಡೆ ನೋಡಲಿಲ್ಲ. ನೋಡದಿರುವುದರಲ್ಲೂ ಒಂದು ಬಗೆಯ ನೋಟವಿರುತ್ತದೆ.

ಕಾರು ಕೆರೆಯ ಮೇಲಿನ 520 ಹೆದ್ದಾರಿಯ ಸೇತುವೆ ಹತ್ತಿದಾಗ ಕೇಳಿಯೇಬಿಟ್ಟೆ.

“ಯಾಕ್ರೀ ಹಾಗಂದ್ರಿ?”

“ಒಮ್ಮೆರೆ ಒತ್ತಾಯ ಮಾಡತಾನ ಅಂದ್ಕೊಂಡಿದ್ದೆ,” ಎಂದರು. ಕೆರೆಯ ನೀರನ್ನು ನೋಡುತ್ತಾ ಮತ್ತೆ, “ಒಮ್ಮೆನೂ ಮಾಡ್ಲಿಲ್ಲ ನೋಡು,” ಎಂದರು. ಮನೆಗೆ ಬಂದವರೇ ಬೂಟುಗಳನ್ನು ಒರೆಸದೆ ಗರಾಜಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಆ ಬಾಗಿಲಿನ ಸದ್ದು ನನಗೆ ಚೆನ್ನಾಗಿ ನೆನಪಿದೆ, ಇದನ್ನು ಯಾರ ವಿಡಿಯೋ ಬಂದರೂ ಅಳಿಸಲಾರದು.

ಮರುದಿನ ಬೆಳಿಗ್ಗೆ ಅವರು ತರಕಾರಿಗೆ ಹೋದಾಗ ನಾನು ಕ್ರೇಗ್‌ಗೆ ಫೋನು ಮಾಡಿದೆ. ಜಗಳವಾಡಲೆಂದೇ ಮಾಡಿದ್ದು, ಆದರೆ ಮಾಡಿದ್ದು ಪಾಠ. ನಮ್ಮಲ್ಲಿ ಮೊದಲ ಬೇಡ ಲೆಕ್ಕಕ್ಕಿಲ್ಲ, ಎರಡನೆಯದು ಮರ್ಯಾದೆಗೆ, ಮೂರು ಸಲ ಕೇಳದೆ ಕೈಬಿಟ್ಟರೆ ಅದು ಅವಮಾನ ಎಂದು ವಿವರಿಸಿದೆ. ಆಮೇಲೆ ಅವನು, “ಅದಕ್ಕೇ ನಿಮ್ಮ ಮನೆಗೆ ಬಂದಾಗಲೆಲ್ಲ ಸಾಕು ಸಾಕು ಅಂದರೂ ಬಡಿಸ್ತಿದ್ದದ್ದಾ? ಹೊಟ್ಟೆ ಒಡೆದುಹೋಗೋದೊಂದು ಬಾಕಿ ಇತ್ತು!” ಎಂದು ಕೂಗಿದ. ಎಷ್ಟೋ ದಿನದ ಒಗಟು ಬಿಡಿಸಿದಂತೆ ನನಗೆ ಮತ್ತೆ ಮತ್ತೆ ಥ್ಯಾಂಕ್ಸ್ ಹೇಳಿದ. ಈಗಲೇ ವಾದಿರಾಜನಿಗೆ ಫೋನು ಮಾಡಿ ಮೂರು ಸಲ ಕೇಳುತ್ತೇನೆ, ಸಂದೀಪನನ್ನು ಹಿಂದಿನ ಸಾಲಿಗೆ ಹಾಕುತ್ತೇನೆ ಎಂದ.

ನಾನು ಗೆದ್ದೆ ಎಂದುಕೊಂಡು ಫೋನು ಇಡಲು ಹೋದೆ. ಅಷ್ಟರಲ್ಲಿ ಅವನು, ಅಂದಹಾಗೆ ಮುಂದಿನ ವಾರ ಗೋಲ್ ಅಂಪೈರ್ ಇಲ್ಲ, ಕಂಬಗಳ ಹಿಂದೆ ಬಿಳಿ ಕೋಟು ಹಾಕಿ ನಿಂತು ಆರೋ ಒಂದೋ ಹೇಳಬೇಕು, ನೀನು ನಿಲ್ಲುತ್ತೀಯಾ ಎಂದ. ಬೇಡ ಎಂದೆ. ಖುಷಿಯಿಂದ ಮತ್ತೆ ಕೇಳಿದ. ಗಾಬರಿಯಾಗಿ, ನಿಜವಾಗಿಯೂ ಬೇಡ, ನನಗೆ ಕಂಡದ್ದು ಕಾಣದ್ದು ಎರಡರ ಮೇಲೂ ಭರವಸೆಯಿಲ್ಲ ಎಂದೆ. ಮೂರನೆಯ ಸಲ ಕೇಳಿದ. ಖಂಡಿತ ಬೇಡ ಎಂದು ಕಿರುಚಿದೆ. “ಅರ್ಥವಾಯಿತು, ಅರ್ಥವಾಯಿತು,” ಎಂದು ನಗುತ್ತಾ ಅವನು ಫೋನು ಇಟ್ಟ. ಕೋಟು ಸೋಮವಾರ ನಮ್ಮವರ ಕೈಯಲ್ಲೇ ಮನೆಗೆ ಬಂತು. ತಂದವರ ಮುಖ ಎಷ್ಟು ಅರಳಿತ್ತೆಂದರೆ ಕೋಟನ್ನು ವಾಪಸು ಕಳಿಸಲು ನನಗೆ ಮನಸ್ಸಾಗಲಿಲ್ಲ. ಬೂಟುಗಳು ಆಗಲೇ ಕಪಾಟಿನಿಂದ ಹೊರಬಂದಿದ್ದವು.

ಶನಿವಾರ ಕಂಬಗಳ ಹಿಂದೆ ನಿಂತೆ. ಆರು ಅಂಕಕ್ಕೆ ಎರಡು ಬೆರಳು ಚಾಚಿ ಎರಡು ಬಾವುಟ ಬೀಸಬೇಕು, ಒಂದಕ್ಕೆ ಒಂದು ಬೆರಳು, ಒಂದು ಬಾವುಟ. ಅಷ್ಟು ಜನ ಉಸಿರು ಬಿಗಿಹಿಡಿದು ನನ್ನ ಬೆರಳಿಗಾಗಿ ಕಾಯುವುದು ಮನೆಯಲ್ಲಿ ಎಂದೂ ಕಂಡಿರದ ಅನುಭವ. ರಶ್ಮಿ ನನ್ನ ಜೊತೆ ಕನ್ನಡ ಬಿಟ್ಟಿದ್ದಳು, ಬರೀ ಇಂಗ್ಲಿಷು. ಹೋಗಲಿ ಬಿಡಿ. ಆಟ ಮುಗಿಯಲು ಬಂದಾಗ, ಯಾರೂ ನಿರೀಕ್ಷಿಸದಿದ್ದಾಗ, ನಮ್ಮವರು ಎರಡೂ ಕೈ ಎತ್ತಿ ಎಗರಿ ಚೆಂಡನ್ನು ಗಾಳಿಯಲ್ಲಿ ಹಿಡಿದುಬಿಟ್ಟರು. ಹಾಗೆ ಹಿಡಿದವರಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕಿದೆ. ಒದ್ದರು. ಚೆಂಡು ಮೇಲಕ್ಕೇರಿ, ನಮ್ಮ ಗಿಡ್ಡ ಪ್ಲಾಸ್ಟಿಕ್ ಕಂಬದ ತುದಿಗಿಂತ ಬಹಳ ಎತ್ತರದಲ್ಲಿ, ಕಂಬದ ಒಳಗಡೆಯಿಂದಲೋ ಹೊರಗಡೆಯಿಂದಲೋ ನನ್ನ ತಲೆಯ ಮೇಲೆ ಹಾದುಹೋಯಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎರಡು ಬೆರಳು ತೋರಿಸಿದರೆ, ಗಂಡನಿಗೆ ಕೊಟ್ಟಳು ಎನ್ನುತ್ತಾರೆ ಎಂಬ ಯೋಚನೆ ಬಂದದ್ದು ಚೆಂಡು ಹೋಗುವ ಮೊದಲೋ ಆಮೇಲೋ, ನಾನು ಹೇಳಲಾರೆ. ಒಂದು ಬೆರಳು ಎದ್ದಿತ್ತು. ಒಂದೇ ಬಾವುಟ ಬೀಸಿದೆ. ಯಾರಾದರೂ ಪ್ರತಿಭಟಿಸುತ್ತಾರೆಂದು ಕಾದೆ. ವಾರದ ಹಿಂದೆ ಒಂದು ಕಾಲಿಗಾಗಿ ನ್ಯಾಯಾಲಯ ಕೂರಿಸಿದವರು ಈಗ ಫೋನು ಹಿಡಿದು ಸುಮ್ಮನೆ ನಿಂತಿದ್ದರು. ಅದೂ ನನಗೆ ಸಿಟ್ಟೇ.

ನಾವು ಗೆದ್ದೆವು. ಗೆದ್ದ ಮೇಲೆ ಕೇಳಬೇಕೇ? ತಟ್ಟೆಗಳು ಬಂದವು. ಮುಂಚೂಣಿಯ ಬಗ್ಗೆ ಈ ಸಲ ಯಾರಿಗೂ ತಕರಾರಿರಲಿಲ್ಲ. “ವಾದಿ ಸರ್ ಕ್ಯಾಚ್ ಸೂಪರ್. ಅಂಪೈರಿಂಗ್ ಮಾತ್ರ...” ಎಂದ ವಿನಯ್. “ವೈನಿ, ಕನ್ನಡಕ ಬದಲಿ ಮಾಡ್ರಿ,” ಎಂದ ಬಸವರಾಜ. ನಮ್ಮವರು ಇಡ್ಲಿ ಮುರಿಯುತ್ತಿದ್ದರು. ಕ್ರೇಗ್ ಬಂದು, ಮುಂದಿನ ವಾರವೂ ನೀನೇ ನಿಲ್ಲುತ್ತೀಯಾ ಎಂದು ಕೇಳಿದ. ನಿಜ ಹೇಳುತ್ತೇನೆ, ನಾನು ಇನ್ನೂ ಆ ಬಿಳಿ ಕೋಟನ್ನು ಬಿಚ್ಚಿರಲಿಲ್ಲ. ಎದ್ದು ನಿಂತು, “ಬೇಡಪ್ಪ, ನಾನ್ಯಾಕೆ, ಬೇರೆಯವರು ನಿಲ್ಲಲಿ,” ಎಂದು ಎರಡನೆಯ ಸಲ ಕೇಳಲೆಂದು ಕಾದೆ. ಅವನು ಕೇಳಲು ಬಾಯಿ ತೆರೆದಿದ್ದ ಕೂಡ. ನಮ್ಮವರು ತಟ್ಟೆ ಬಿಟ್ಟು ಎದ್ದು ಬಂದು, ಅವನ ಕೈ ಹಿಡಿದುಕೊಂಡು, “ಕ್ರೇಗ್, ಇವಳ ಬೇಡ ನಿಜವಾದ ಬೇಡ. ದಯವಿಟ್ಟು ಇನ್ನೊಮ್ಮೆ ಕೇಳಬೇಡ,” ಎಂದರು.

ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಬೇಡವನ್ನು ಮೊದಲ ಸಲಕ್ಕೇ ನಂಬಿದ್ದು ಅವತ್ತು.