ಕೋಳಿ ಸಹಿತ, ಕೋಳಿ ರಹಿತ

ಸುಳ್ಳು ಹೇಳುವವರಿಗೆ ನೆನಪಿನ ಶಕ್ತಿ ಚೆನ್ನಾಗಿರಬೇಕು ಎನ್ನುತ್ತಾರೆ. ಅದಷ್ಟೇ ಸಾಲದು, ಮನೆಯಲ್ಲಿ ಕೋಳಿಯೂ ಇರಬಾರದು ಎಂಬುದನ್ನು ನಮ್ಮ ದರ್ಜಿ ಯಜಮಾನರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿತರು.

ಅವರ ಸುಳ್ಳು ಸಣ್ಣದೇ. (ಹನ್ನೊಂದು ಕಿಲೋದ್ದು.) ಆರು ತಿಂಗಳ ಹಿಂದೆ ಡಾಕ್ಟರು “ಮಂಡಿ ಉಳೀಬೇಕಾದ್ರೆ ಹೊಟ್ಟೆ ಇಳೀಬೇಕು” ಎಂದ ದಿನದಿಂದ ಅವರ ಹೆಂಡತಿ ಎಣ್ಣೆಗೂ ಸಕ್ಕರೆಗೂ ಮನೆಯ ಬಾಗಿಲು ಹಾಕಿಬಿಟ್ಟಿದ್ದರು. ಯಜಮಾನರು ತುಟಿಪಿಟಕ್ಕೆನ್ನದೆ ಬೇಯಿಸಿದ ತರಕಾರಿ ತಿಂದು ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯ ಎದುರಿಗೇ ಬೇಕರಿ. ಮಿಕ್ಕದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಅವರು ಕೋಣೆಯ ಬಾಗಿಲು ಮುಚ್ಚಿಕೊಂಡು ತೂಕದ ಯಂತ್ರ ಹತ್ತುವರು. ಒಳಗಿನಿಂದಲೇ ಒಂದು ಅಂಕಿ ಕೂಗುವರು. ಹೆಂಡತಿ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುವರು. ಕ್ಯಾಲೆಂಡರಿನ ಅಂಕಿ ಎಂಬತ್ತರಿಂದ ಎಪ್ಪತ್ತೊಂದಕ್ಕೆ ಇಳಿದಿತ್ತು. ಯಂತ್ರದ ಮುಳ್ಳು ಎಂಬತ್ತೆರಡಕ್ಕೆ ಏರಿತ್ತು. ಸಾಕ್ಷಿಗೆ ಪ್ಯಾಂಟು ಬೇರೆ: ತಿಂಗಳಿಗೊಮ್ಮೆ ಅಂಗಡಿಯಲ್ಲಿ ಸೊಂಟದ ಹೊಲಿಗೆ ಬಿಚ್ಚಿ, ಒಂದಿಷ್ಟು ಸಡಿಲ ಬಿಟ್ಟು ಮತ್ತೆ ಹೊಲಿದುಕೊಂಡು ಬಂದು, “ನೋಡೇ, ಎರಡು ಬೆರಳು ಸಲೀಸಾಗಿ ಹೋಗುತ್ತೆ!” ಎಂದು ತೋರಿಸುವರು. (ಕಸುಬು ಕೈಯಲ್ಲಿದ್ದವರಿಗೆ ಏನು ಕಷ್ಟ?)

“ಎಲ್ಲಾ ದೇವರ ದಯೆ” ಎಂದು ಹೆಂಡತಿ ಕೈಮುಗಿಯುತ್ತಿದ್ದರು. ಆ ಗಳಿಗೆಯಲ್ಲಿ ಮಾತ್ರ ಯಜಮಾನರಿಗೆ ಹಿಂದಿನ ದಿನದ ಬನ್ನು ಗಂಟಲಿಗೆ ಬಂದು ನಿಂತಂತಾಗುತ್ತಿತ್ತು.

ಇನ್ನು ಪುಟ್ಟಕ್ಕ. ಮೂರು ವರ್ಷದ ಹಿಂದೆ ಅಂಗಡಿಯೊಳಗೆ ತಾನಾಗಿ ನಡೆದು ಬಂದ ಕೋಳಿಮರಿ. ಯಾರೂ ಕೇಳಿಕೊಂಡು ಬರಲಿಲ್ಲವೆಂದು ಯಜಮಾನರೇ ಅಂಗಿಯ ಜೇಬಿನಲ್ಲಿಟ್ಟು ಮನೆಗೆ ತಂದಿದ್ದರು. ಈಗ ಅದು ಕಂದುಬಣ್ಣದ ತುಂಬು ಹೇಂಟೆ. ಹೆಂಡತಿ ಗುಂಡಿ ಹೊಲಿಯಲು ಕೂತರೆ ಕಾಲ ಬಳಿ ಕೂತು, ಕತ್ತು ಓರೆ ಮಾಡಿ ಅವರ ಮಾತು ಕೇಳುತ್ತಿತ್ತು. ಮಧ್ಯೆ ಬಾಯಿ ಹಾಕದೆ ಕೇಳುವ ಜೀವ ಆ ಮನೆಯಲ್ಲಿ ಅದೊಂದೇ.

ಅಂಥ ಪುಟ್ಟಕ್ಕ ಎರಡು ದಿನದಿಂದ ಕಾಳು ಮುಟ್ಟಿರಲಿಲ್ಲ. ಗರಿ ಕೆದರಿಕೊಂಡು, ಕಣ್ಣು ಅರೆಮುಚ್ಚಿ, ಹೊಲಿಗೆ ಯಂತ್ರದ ಕೆಳಗೆ ಮುದುರಿ ಕೂತುಬಿಟ್ಟಿತ್ತು. ಉಸಿರಾಡಿದರೆ ಗೊರ್ ಎನ್ನುವ ಸದ್ದು. ಹೆಂಡತಿಯೂ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬುಟ್ಟಿಗೆ ಹಳೆಯ ಟವೆಲ್ ಹಾಸಿ ಇಬ್ಬರೂ ಪಶುವೈದ್ಯರಲ್ಲಿಗೆ ಹೋದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆಗಲೇ ಬೂಟು ಹಾಕಿಕೊಂಡು ಹೊರಟಿದ್ದರು. ಆದರೂ ನಿಂತು, ಕೊಕ್ಕು ಬಿಡಿಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. “ಶ್ವಾಸಕ್ಕೆ ಸೋಂಕು ಹತ್ತಿದೆ. ಈ ಔಷಧಿ ಕಿಲೋಗೆ ಮೂರು ಹನಿ, ಬೆಳಿಗ್ಗೆ ಸಂಜೆ, ಐದು ದಿನ. ಲೆಕ್ಕ ತಪ್ಪಬಾರದು ಅಮ್ಮ. ಕಡಿಮೆಯಾದ್ರೆ ಕಾಯಿಲೆ ಬಿಡಲ್ಲ, ಹೆಚ್ಚಾದ್ರೆ ಕೋಳಿ ತಡಿಯಲ್ಲ.”

“ತೂಕ ಎಷ್ಟಿದೆ ಡಾಕ್ಟ್ರೇ?”

“ನಮ್ಮ ಸಣ್ಣ ತಕ್ಕಡಿ ರಿಪೇರಿಗೆ ಹೋಗಿದೆ. ಮನೇಲಿ ತೂಕದ ಯಂತ್ರ ಇದ್ರೆ ಕೋಳಿ ಎತ್ಕೊಂಡು ಒಬ್ರು ನಿಲ್ಲಿ, ಆಮೇಲೆ ಕೋಳಿ ಬಿಟ್ಟು ನಿಲ್ಲಿ, ಅದರಲ್ಲಿ ಇದನ್ನ ಕಳೀರಿ. ದಿನಾ ಬರೆದಿಡಿ. ತೂಕ ಏರ್ತಾ ಹೋದ್ರೆ ಬದುಕ್ತು ಅಂತ ಅರ್ಥ. ನನಗೊಂದು ಹಸುವಿನ ಹೆರಿಗೆ ಇದೆ, ಸಂಜೆವರೆಗೆ ಫೋನಿಗೆ ಸಿಗಲ್ಲ.” ಇಷ್ಟು ಹೇಳಿ ಡಾಕ್ಟರಮ್ಮ ಗಾಡಿ ಹತ್ತಿದರು.

ಯಜಮಾನರು ಬುಟ್ಟಿ ಎತ್ತಿಕೊಂಡರು. ಮನೆ ಮುಟ್ಟುವವರೆಗೂ ಯೋಚಿಸಿ ಒಂದು ದಾರಿ ಕಂಡುಕೊಂಡರು.

“ನೀನೇ ಎತ್ಕೊಂಡು ನಿಂತ್ಕೋ ಕಣೇ. ನಿನ್ನ ಕೈ ಅದಕ್ಕೆ ಅಭ್ಯಾಸ.”

“ನನ್ನ ತೂಕ ಹೆತ್ತ ಅಮ್ಮನಿಗೂ ಹೇಳಿಲ್ಲ, ನಿಮಗೆ ಹೇಳ್ತೀನಾ? ಹತ್ತಿ ಹತ್ತಿ.”

ಯಜಮಾನರು ಕೋಳಿಯನ್ನು ಎದೆಗೊತ್ತಿಕೊಂಡು ಹತ್ತಿದರು. ಮುಳ್ಳನ್ನು ತಾವೇ ಓದಿಕೊಳ್ಳೋಣವೆಂದರೆ ಕೆಳಗೆ ಬಗ್ಗಿ ನೋಡಲು ಕೋಳಿ ಅಡ್ಡ. (ಕೋಳಿಯೊಂದೇ ಅಡ್ಡವಿರಲಿಲ್ಲ.) ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿದರು.

“ಎಂಬತ್ತನಾಲ್ಕು. ಇಳೀರಿ. ನಿಮ್ಮದು ಇನ್ನೊಂದ್ಸಲ ನೋಡೋದು ಬೇಡ, ಮೊನ್ನೆ ಭಾನುವಾರ ಬರೆದಿದ್ದೀನಲ್ಲ, ಎಪ್ಪತ್ತೊಂದು. ಅಂದ್ರೆ ಪುಟ್ಟಕ್ಕ... ಹದಿಮೂರು ಕಿಲೋ!”

ಯಜಮಾನರು ಕೋಳಿಯೊಂದಿಗೆ ಯಂತ್ರದಿಂದ ಇಳಿದರು.

“ಹದಿಮೂರು ಜಾಸ್ತಿ ಆಗಲಿಲ್ವೇನೇ?” ಎಂದರು ಯಜಮಾನರು ಮೆಲ್ಲಗೆ.

“ನನಗೂ ಹಾಗೇ ಅನ್ನಿಸ್ತು. ಕೈಗೆ ಹಗುರವಾಗೇ ಇದೆ. ಮೈಯೊಳಗೆ ನೀರು ತುಂಬಿರಬೇಕು, ಪಾಪ.”

“ನನ್ನ ಜೇಬಲ್ಲಿ ಕತ್ತರಿ ಇತ್ತು ಕಣೇ.”

“ಕತ್ತರಿ ಕಿಲೋಗಟ್ಟಲೆ ತೂಗುತ್ತಾ ರೀ?”

“ಯಂತ್ರವೇ ಕೆಟ್ಟಿರಬಹುದು.”

“ಮೊನ್ನೆ ಭಾನುವಾರ ಸರಿಯಿತ್ತಲ್ಲ. ಆರು ತಿಂಗಳಿಂದ ಒಂದು ವಾರ ತಪ್ಪದೆ ನೀವು ಹೇಳಿದ್ದು, ನಾನು ಬರೆದದ್ದು. ನನ್ನ ಕೈ ಸುಳ್ಳು ಹೇಳಬಹುದು, ನೀವು ಹೇಳ್ತೀರಾ?”

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಯಜಮಾನರು ಕೋಳಿಯ ಗರಿ ಸವರಿದರು. ಅಷ್ಟರಲ್ಲಿ ಹೆಂಡತಿ ಚಮಚ ಹಿಡಿದು ಸೀಸೆಯಿಂದ ಹನಿ ಎಣಿಸತೊಡಗಿದ್ದರು. “ಒಂದು... ಎರಡು... ಮೂರು...”

ಆರನೆಯ ಹನಿಗೆ ಹೇಳಿಬಿಡೋಣ ಎಂದುಕೊಂಡರು. ಹತ್ತಕ್ಕೆ ಹೇಳೋಣ, ಹತ್ತಾದರೆ ರೌಂಡ್ ಫಿಗರ್ ಎಂದುಕೊಂಡರು. ಇಪ್ಪತ್ತಕ್ಕೆ ಅವರ ಕಣ್ಣ ಮುಂದೆ ಬೇಕರಿಯ ಗಾಜಿನ ಪೆಟ್ಟಿಗೆ ಹಾದುಹೋಯಿತು. ಮೂವತ್ತೊಂಬತ್ತಕ್ಕೆ ಚಮಚ ತುಂಬಿತು.

ಹೆಂಡತಿ ಚಮಚ ಹಿಡಿದೇ ಕಣ್ಣು ಮುಚ್ಚಿದರು. “ದೇವರೇ, ಬಾಯಿಲ್ಲದ ಜೀವ ಇದು. ನಾವು ತಿಳಿದಷ್ಟು ಮಾಡ್ತಿದ್ದೀವಿ. ಏನಾದ್ರೂ ತಪ್ಪಿದ್ರೆ ನೀನೇ ತಡೀಬೇಕಪ್ಪ.”

ದೇವರು ಬರುವಷ್ಟು ಸಮಯವಿರಲಿಲ್ಲ. ಚಮಚ ಆಗಲೇ ಕೊಕ್ಕಿನ ಹತ್ತಿರ ಹೋಗಿತ್ತು. ಯಜಮಾನರ ತೋಳಿನೊಳಗೆ ಪುಟ್ಟಕ್ಕನ ಪುಟ್ಟ ಎದೆ ಡವಡವ ಬಡಿಯುತ್ತಿತ್ತು. ಬಾಯಿಲ್ಲದ ಜೀವ ಅದು. ತಮಗಾದರೋ ಬಾಯಿದೆ, ಅದರಿಂದಲೇ ಇಷ್ಟೆಲ್ಲ.

“ಎಂಬತ್ತೆರಡು!” ಎಂದು ಅವರು ಕಿರುಚಿದರು.

“ಏನು ಎಂಬತ್ತೆರಡು?”

“ನಾನು! ನಾನು ಎಂಬತ್ತೆರಡು ಕಣೇ! ಕೋಳಿ ಎರಡೇ ಕಿಲೋ. ಹಾಕಬೇಡ, ಸತ್ತುಹೋಗುತ್ತೆ!”

ಆಮೇಲೆ ಒಂದರ ಹಿಂದೊಂದು ಎಲ್ಲವೂ ಹೊರಬಿತ್ತು: ಮುಚ್ಚಿದ ಬಾಗಿಲು, ಬಿಚ್ಚಿದ ಹೊಲಿಗೆ, ಬನ್ನು, ಬೆಣ್ಣೆ ಬಿಸ್ಕತ್ತು. ಕೇಳದಿದ್ದರೂ ಕೇಕಿನ ವಿಷಯವನ್ನೂ ಹೇಳಿದರು. ಹೆಂಡತಿ ಮಧ್ಯೆ ಬಾಯಿ ಹಾಕಲಿಲ್ಲ. ಚಮಚ ಖಾಲಿ ಮಾಡಿ, ತೊಳೆದು, ಒರೆಸಿ, ಆರು ಹನಿ ಎಣಿಸಿ ಪುಟ್ಟಕ್ಕನಿಗೆ ಕುಡಿಸಿದರು. ಪುಟ್ಟಕ್ಕ ನುಂಗಿತು. ಅವರು ಸೆರಗಿನಿಂದ ಅದರ ಕೊಕ್ಕು ಒರೆಸಿದರು, ಆಮೇಲೆ ತಮ್ಮ ಕಣ್ಣು.

“ಬೈಯೇ,” ಎಂದರು ಯಜಮಾನರು.

“ಮೊದಲು ಇದು ಬದುಕಲಿ.”

ಬೈಗುಳ ಸಾಲವಾಗಿ ಉಳಿದರೆ ಎಷ್ಟು ಭಾರವೆಂದು ಅವರಿಗೆ ಆಗ ಗೊತ್ತಾಯಿತು. ಕ್ಯಾಲೆಂಡರ್ ಕೆಳಗಿಳಿಯಿತು; ಆ ಜಾಗಕ್ಕೆ ಒಂದು ಬಿಳಿ ಹಾಳೆ ಬಂತು. ಅದರಲ್ಲಿ ಎರಡು ಸಾಲು: ಕೋಳಿ ಸಹಿತ, ಕೋಳಿ ರಹಿತ. ದಿನಾ ಬೆಳಿಗ್ಗೆ ಯಜಮಾನರು ಬಾಗಿಲು ತೆರೆದಿಟ್ಟುಕೊಂಡು ಎರಡು ಸಲ ಯಂತ್ರ ಹತ್ತಿದರು, ಹೆಂಡತಿ ಎರಡು ಸಲ ಓದಿದರು. ಬೇಕರಿಯ ಕಡೆಗಿದ್ದ ಅಂಗಡಿ ಕಿಟಕಿಗೆ ಯಜಮಾನರು ತಾವಾಗಿಯೇ ಪರದೆ ಹೊಲಿದು ಹಾಕಿದರು. ಮೂರನೆಯ ದಿನ ಗೊರಗೊರ ನಿಂತಿತು. ನಾಲ್ಕನೆಯ ದಿನ ಪುಟ್ಟಕ್ಕ ಕಾಳು ಕುಕ್ಕಿತು. ಆರನೆಯ ದಿನ ಹಾಳೆ ನೋಡಿದ ಡಾಕ್ಟರಮ್ಮ, “ಇನ್ನು ಔಷಧಿ ಬೇಡ, ತೂಕ ನೋಡೋದೂ ಬೇಡ” ಎಂದು ಕೈತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಯಜಮಾನರು ಹಗುರ ಮನಸ್ಸಿನಿಂದ ಹಾಳೆಯನ್ನು ಗೋಡೆಯಿಂದ ಬಿಡಿಸಹೋದರು.

“ಅದಕ್ಕ್ಯಾಕೆ ಕೈ ಹಾಕ್ತೀರಿ?”

“ಪುಟ್ಟಕ್ಕ ಹುಷಾರಾಯ್ತಲ್ಲ! ಡಾಕ್ಟ್ರೇ ಹೇಳಿದ್ರಲ್ಲ!”

“ಕೋಳಿಗೆ ಹೇಳಿದ್ರು.” ಹೆಂಡತಿ ‘ಕೋಳಿ ಸಹಿತ’ ಎಂಬ ಸಾಲಿಗೆ ಸ್ಕೇಲಿಟ್ಟು ನೀಟಾಗಿ ಗೆರೆ ಎಳೆದು ಹೊಡೆದುಹಾಕಿದರು. “ಬದುಕಿದ್ದಾಯ್ತು. ಇನ್ನು ಬೈಯೋದು ಬಾಕಿ ಇದೆ, ಅದನ್ನ ದಿನಕ್ಕಿಷ್ಟು ಅಂತ ಕೊಡ್ತೀನಿ. ಹತ್ತಿ.”

ಯಜಮಾನರು ಹತ್ತಿದರು. ಪುಟ್ಟಕ್ಕ ಬಂದು ಪಕ್ಕದಲ್ಲಿ ನಿಂತು ಮುಳ್ಳಿನ ಕಡೆಗೇ ನೋಡುತ್ತಿತ್ತು. ಹೆಂಡತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು, ಓದಿದರು, ತಲೆ ಎತ್ತಿದರು.

“ಹೊಟ್ಟೆ ಒಳಕ್ಕೆ ಎಳ್ಕೊಂಡ್ರೆ ಮುಳ್ಳು ಇಳಿಯಲ್ಲ ರೀ. ಉಸಿರು ಬಿಡಿ.”