ಶಾಕ್ ಹೊಡೆಯದ ಗಿಟಾರು

ವಿದ್ಯುತ್ತಿನ ಪಾಠ ಹೇಳುವ ಮಾಸ್ತರನಿಗೆ ಕರೆಂಟು ಹೊಡೆಯಬಾರದು. ಹೊಡೆಯಲೇಬೇಕು ಎಂದು ಹಣೆಯಲ್ಲಿ ಬರೆದಿದ್ದರೆ ಮನೆಯೊಳಗೆ, ಬಾಗಿಲು ಹಾಕಿಕೊಂಡಿದ್ದಾಗ ಹೊಡೆಯಬೇಕು. ನನಗೆ ಹೊಡೆದದ್ದು ಹತ್ತರಗಿಯ ಒಂದು ಮದುವೆಯ ಚಪ್ಪರದಲ್ಲಿ, ಬೀಗರು, ನೆಂಟರು, ಅಡುಗೆಯವರು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾಗ. ಆಗ ನಾನು ಗೋಕಾಕದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ರಜೆ ಸಿಕ್ಕಾಗ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದೆ. ಕೈ ತಂತಿಯ ಮೇಲಿತ್ತು. ಕೋರಸ್ ಹಾಡಲು ಬಾಯಿಯನ್ನು ಮೈಕಿನ ಹತ್ತಿರ ಒಯ್ದೆ. ತುಟಿ ಮೈಕಿಗೆ ತಾಗಿದ್ದೇ ತಡ, ನನ್ನ ಹೊಟ್ಟೆಯ ಆಳದಿಂದ ಒಂದು ಸ್ವರ ಹೊರಟಿತು. ಏಳು ಸ್ವರಗಳಲ್ಲಿ ಅದು ಯಾವುದೂ ಅಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ವರನ ಸೋದರಮಾವ ಎದ್ದು ನಿಂತು "ವಾಹ್, ಮತ್ತೊಮ್ಮಿ ಆಗ್ಲಿ" ಅಂದ.

ತಪ್ಪು ಯಾರದು ಎಂದು ನನಗೆ ಆಗಲೇ ಗೊತ್ತಿತ್ತು. ನನ್ನ ಪುಟ್ಟ ಆಂಪ್ಲಿಫೈಯರಿಗೆ ಎರಡೇ ಕಡ್ಡಿಯ ಪಿನ್ನು, ಅರ್ಥಿಂಗ್ ಎಂಬುದು ಅದರ ವಂಶದಲ್ಲೇ ಇರಲಿಲ್ಲ. ಮೇಲಾಗಿ ನಮ್ಮ ಕಡೆ ಪೂಜೆಯಾಗದೆ ಕಾರ್ಯಕ್ರಮ ಶುರುವಾಗುವುದಿಲ್ಲ. ಸ್ಟೇಜಿಗೆ ನೀರು ಚಿಮುಕಿಸಿ, ವಾದ್ಯಗಳಿಗೆಲ್ಲ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಬೆಳಗಿದ ಮೇಲೆ ಆ ಹಲಗೆಗಳ ಮೇಲೆ ಚಪ್ಪಲಿ ಹಾಕಿಕೊಂಡು ಹತ್ತುವ ಧೈರ್ಯ ಯಾರಿಗಿದೆ? ಗಿಟಾರು ಹುಟ್ಟಿದ ದೇಶದಲ್ಲಿ ಬಾರಿಸುವವನು ಮೊಣಕಾಲಿನ ತನಕ ಬೂಟು ಹಾಕಿಕೊಂಡಿರುತ್ತಾನೆ. ಗಿಟಾರಿನ ದನಿ ಬದಲಿಸಲು ಕಾಲಿನಿಂದ ಒತ್ತುವ ಪೆಡಲುಗಳನ್ನು ಮಾಡಿದವರು ಅವನ ಕಾಲನ್ನು ನೋಡಿ ಮಾಡಿದ್ದಾರೆ. ನಾನು ಒದ್ದೆ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು, ಕಬ್ಬಿಣದ ಸ್ವಿಚ್ಚನ್ನು ಹೆಬ್ಬೆರಳಿನಿಂದ ಒತ್ತುವವನು. ಓಮನ ನಿಯಮ ಬೂಟಿನವನಿಗೂ ಒಂದೇ, ನನಗೂ ಒಂದೇ. ಅನುಭವ ಮಾತ್ರ ಬೇರೆ.

ಆರ್ಕೆಸ್ಟ್ರಾದ ಮಾಲೀಕರು ಹುಕ್ಕೇರಿಯ ಬಾಳಾಸಾಬ ಕಾಕಾ. ಜೈನರು, ಬಟ್ಟೆ ಅಂಗಡಿಯವರು, ಸಿಟ್ಟು ಬಂದರೂ ಖುಷಿಯಾದರೂ ಅರ್ಧ ಮರಾಠಿ ಆಡುವವರು. ಮರುದಿನ ಅಂಗಡಿಗೆ ಕರೆಸಿಕೊಂಡು ಚಹಾ ಕೊಟ್ಟರು. ಕಾಕಾ ಚಹಾ ಕೊಟ್ಟರೆಂದರೆ ಸುದ್ದಿ ಕೆಟ್ಟದ್ದೇ ಇರುತ್ತದೆ.

"ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಗಿಟಾರ ಕಾರ್ಯಕ್ರಮ ಮುಗಿಯೂತನಕಾ ಗುಂಯ್ ಅಂತೈತಿ, ಮ್ಯಾಲ ನೀವೂ ಒದರ್ತೀರಿ. ಈಗ ನಮ್ಮ ಕೀಬೋರ್ಡಿನಾಂವ ಹೊಸಾ ಕೀಬೋರ್ಡ್ ತಂದಾನ, ಅದರಾಗ ಗಿಟಾರದ ಆವಾಜೂ ಐತಿ. ಅದಕ್ಕ ಶಾಕ್ ಹೊಡಿಯಾಂಗಿಲ್ಲ, ಜ್ವರಾ ಬರಾಂಗಿಲ್ಲ, ಪರೀಕ್ಷಾ ಡ್ಯೂಟಿ ಇರಾಂಗಿಲ್ಲ. ಕೌಜಲಗಿ ಗಣಪತಿ ಕಾರ್ಯಕ್ರಮ ಒಂದ ನೋಡೂಣು. ಅಲ್ಲೂ ಗುಂಯ್ ಅಂದ್ರ, ಬಸ್ ಝಾಲಂ, ಮುಗೀತು."

ನಗುತ್ತಲೇ ಕೇಳಿಸಿಕೊಂಡೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಗೋಕಾಕದ ಎರಡು ಬಸ್ಸು ಹೋಗಲು ಬಿಟ್ಟೆ. ಓದುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಆದರೆ ಸಾಲೆಯಲ್ಲಿ ನಾನು ಒಳಗೆ ಬಂದರೆ ಇಡೀ ವರ್ಗ ನಿಟ್ಟುಸಿರು ಬಿಡುತ್ತಿತ್ತು. ಮನೆಯಲ್ಲಿ ನಾನು ಒಳಗೆ ಬಂದರೆ "ಹಾಲು ತಂದ್ರಿಲ್ಲೊ?" ಎಂಬ ಪ್ರಶ್ನೆ ಬರುತ್ತಿತ್ತು. ನಾನು ಬಂದದ್ದಕ್ಕೆ ಜನ ಶಿಳ್ಳೆ ಹೊಡೆಯುತ್ತಿದ್ದ ಜಾಗ ಈ ಭೂಮಿಯ ಮೇಲೆ ಒಂದೇ ಒಂದಿತ್ತು, ಅದು ಕಾಕಾರ ಸ್ಟೇಜು. ಅದೂ ಹೋದರೆ ನಾನು ಬರೀ ಮಾಸ್ತರನಾಗಿ ಉಳಿಯುತ್ತಿದ್ದೆ, ನಿವೃತ್ತಿಯ ತನಕ.

ಮನೆಗೆ ಬಂದು ಹೆಂಡತಿ ಕಸ್ತೂರಿಗೆ ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತ, "ತಬಲಾ ಕಲೀಬಾರ್ದೇನ್ರಿ? ತಬಲಾಕ್ಕ ವಾಯರ್ ಇರಾಂಗಿಲ್ಲ" ಅಂದಳು. ಮೂವತ್ತೆಂಟನೆಯ ವಯಸ್ಸಿಗೆ ತಬಲಾ ಕಲಿಯುವುದಕ್ಕಿಂತ ಕರೆಂಟು ಹೊಡೆಸಿಕೊಂಡು ಸಾಯುವುದೇ ಸುಲಭ ಎಂದೆ. ಹಿಟ್ಟು ನಾದುವುದು ನಿಂತಿತು. ಆ ಹೊತ್ತು ಇನ್ನೊಮ್ಮೆ ಸಾಯುವ ಮಾತು ಆಡುವುದಿಲ್ಲ ಎಂದು ಆಣೆ ಮಾಡಿದ ಮೇಲೆಯೇ ರೊಟ್ಟಿ ಸಿಕ್ಕಿತು.

ಹಾಗಾಗಿ ಪೆಡಲುಗಳಿಗೆಲ್ಲ ಒಂದು ಗಟ್ಟಿ ಹಲಗೆ ಮಾಡಿ, ವಾಯರಿಂಗನ್ನು ಶಾಸ್ತ್ರೋಕ್ತವಾಗಿ ನಾನೇ ಮಾಡುವುದು ಎಂದು ನಿರ್ಧರಿಸಿದೆ. ನನ್ನ ಹತ್ತಿರ ಕೊಲ್ಹಾಪುರದಿಂದ ತಂದ ಎರಡು ಪೆಡಲುಗಳಿದ್ದವು. ಒಂದು ಗಿಟಾರಿನ ದನಿಯನ್ನು ಗೊಗ್ಗರು ಮಾಡುವುದು, ಇನ್ನೊಂದು ಅದೇ ಗೊಗ್ಗರನ್ನು ಪ್ರತಿಧ್ವನಿಸುವುದು. ಎರಡೂ ಒಂಬತ್ತು ವೋಲ್ಟಿನ ಸೆಲ್ಲಿನ ಮೇಲೆ ನಡೆಯುತ್ತಿದ್ದವು, ಸೆಲ್ಲು ಯಾವಾಗಲೂ ಒಳ್ಳೆಯ ಹಾಡಿನ ನಡುವೆಯೇ ಪ್ರಾಣ ಬಿಡುತ್ತಿತ್ತು. ಅದಕ್ಕೇ ರೇಡಿಯೊ ಅಂಗಡಿಯಿಂದ ಟ್ರಾನ್ಸಿಸ್ಟರಿನ ಅಡಾಪ್ಟರು ತಂದು ಚುಚ್ಚಿದೆ. ರೇಡಿಯೊದ ಅಡಾಪ್ಟರಿಗೆ ಪಿನ್ನಿನ ನಡುವೆ ಧನ, ಹೊರಗೆ ಋಣ. ಪೆಡಲಿಗೆ ನಡುವೆ ಋಣ, ಹೊರಗೆ ಧನ. ಇದನ್ನು ಮೀಟರು ಹಚ್ಚಿ ಮೊದಲು ನೋಡಬೇಕು, ಆಮೇಲೆ ಚುಚ್ಚಬೇಕು. ನಾನು ಮೊದಲು ಚುಚ್ಚಿದೆ. "ಒಗ್ಗರಣಿ ಹೊತ್ತೇತೇನ್ರಿ?" ಎಂದು ಪಡಸಾಲೆಯಿಂದ ಕಸ್ತೂರಿ ಕೇಳಿದಳು. ಅಡುಗೆಮನೆಯಲ್ಲಿ ಆಗ ಒಲೆಯೇ ಹೊತ್ತಿರಲಿಲ್ಲ. ಪ್ರತಿಧ್ವನಿಯ ಪೆಡಲು ರಿಪೇರಿಯಾಗಿ ಬರುವಷ್ಟರಲ್ಲಿ ಶ್ರಾವಣ ಅರ್ಧ ಕಳೆದಿತ್ತು.

ಹಲಗೆಯನ್ನು ನಮ್ಮ ಓಣಿಯ ಈರಪ್ಪನಿಗೆ ಒಪ್ಪಿಸಿದೆ. ಅವನದು ಬಣ್ಣದ ಕಟ್ಟಿಗೆ ಹಣ್ಣು ಮಾಡುವ ಮನೆತನ. ಗೋಕಾಕದಲ್ಲಿ ಕಟ್ಟಿಗೆ ಎಂದರೆ ಅದು ಸೀತಾಫಲವಾಗಬೇಕು, ಇಲ್ಲವೆ ಮಾವಿನಹಣ್ಣಾಗಬೇಕು, ಸುಮ್ಮನೆ ಕಟ್ಟಿಗೆಯಾಗಿ ಇರುವಂತಿಲ್ಲ. ಕಾಲಿನಿಂದ ಒತ್ತಲು ಅನುಕೂಲವಾಗುವಂತೆ ಸ್ವಲ್ಪ ಇಳಿಜಾರಿರಲಿ, ಅಡಿಗೆ ವಾಯರು ಹಾಯಲು ಪೊಳ್ಳಿರಲಿ ಎಂದು ಹೇಳಿದ್ದೆ. ಎಲ್ಲ ಹಾಗೆಯೇ ಮಾಡಿದ್ದ. ಆದರೆ ಮೇಲೆ ಅರಿಸಿನ ಬಣ್ಣ ಬಳಿದು, ಕೆಂಪು ಅಂಚು ಬಿಡಿಸಿ, ನಡುವೆ ಒಂದು ದೊಡ್ಡ ಗಿಳಿ ಕೂರಿಸಿದ್ದ. "ಬರೀ ಹಲಗಿ ಹೆಂಗ ಕೊಡೂದ್ರಿ ಮಾಸ್ತರ, ಮಂದಿ ನನಗ ಏನಂತಾರ?" ಅಂದ. ಗೊಗ್ಗರು ಪೆಡಲು ಸರಿಯಾಗಿ ಗಿಳಿಯ ಕತ್ತಿನ ಮೇಲೆ ಬಂತು.

ಮುಂದಿನ ಕೆಲಸದಲ್ಲಿ ನನ್ನ ಮೇಲೆ ಒಂದು ಮಾತು ಹೊರಿಸುವ ಹಾಗಿರಲಿಲ್ಲ. ಕರೆಂಟು ಇಳಿಸುವ ಅಡಾಪ್ಟರನ್ನು ಹಲಗೆಯಿಂದ ದೂರ, ಮುಚ್ಚಳದ ಡಬ್ಬಿಯಲ್ಲಿಟ್ಟೆ. ಹಲಗೆಗೆ ಬರುವುದು ಒಂಬತ್ತು ವೋಲ್ಟು ಮಾತ್ರ. ಕರೆಂಟಿನ ವಾಯರು ಎಡಕ್ಕೆ, ದನಿಯ ವಾಯರು ಬಲಕ್ಕೆ, ಎರಡಕ್ಕೂ ಅತ್ತೆ ಸೊಸೆಯರಷ್ಟು ಅಂತರ. ಆಂಪ್ಲಿಫೈಯರಿಗೆ ಮೂರು ಕಡ್ಡಿಯ ಪಿನ್ನು ಹಾಕಿ, ಅದರ ತಗಡಿನ ಮೈಯಿಂದ ಅರ್ಥಿಂಗ್ ವಾಯರು ಎಳೆದೆ. ಫ್ಯೂಸು ಹಾಕಿದೆ. ನಿಲ್ಲಲು ಲಾರಿ ಟ್ಯೂಬಿನ ರಬ್ಬರು ಕತ್ತರಿಸಿದೆ. ಮನೆಯಲ್ಲಿ ಹಚ್ಚಿ ನೋಡಿದಾಗ ಗುಂಯ್ ಎನ್ನುವ ಶಬ್ದ ಇಲ್ಲವೇ ಇಲ್ಲ. ಕಸ್ತೂರಿ ದೂರ ನಿಂತು ಒಂದು ಬೆರಳಿನಿಂದ ತಂತಿ ಮುಟ್ಟಿ, "ಖರೇನ ಹೊಡಿಯಾಂಗಿಲ್ರಿ" ಅಂದಳು. ಜನ್ಮದಲ್ಲಿ ನನಗೆ ಸಿಕ್ಕ ಒಂದೇ ಪ್ರಶಸ್ತಿ ಅದು.

ಕೌಜಲಗಿಯಲ್ಲಿ ಅರ್ಥಿಂಗ್ ಎಲ್ಲಿದೆ ಎಂದು ಕೇಳಿದೆ. ಗಣಪತಿ ಮಂಡಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನಾನೇ ಸ್ಟೇಜಿನ ಹಿಂದೆ ಒಂದು ಸಲಾಕೆಯನ್ನು ನೆಲಕ್ಕೆ ಬಡಿದು, ಸುತ್ತ ಉಪ್ಪು ಹಾಕಿ, ಬಿಂದಿಗೆಗಟ್ಟಲೆ ನೀರು ಸುರಿದೆ. ಅಷ್ಟರಲ್ಲಿ ವಾದ್ಯಪೂಜೆಗೆ ಕಾಯಿ ಹಿಡಿದುಕೊಂಡು ಬಂದ ಹಿರಿಯರು ಗಿಳಿಯ ಹಲಗೆಯನ್ನು ನೋಡಿ, ಎಷ್ಟು ಚಂದ ಐತಿ ಎನ್ನುತ್ತ ಅದರ ಮೇಲೆಯೇ ಒಡೆಯಲು ಕೈ ಎತ್ತಿದರು. ನಾನು ಹಲಗೆಯ ಮೇಲೆ ಬೋರಲು ಬಿದ್ದೆ. "ಅಜ್ಜಾರ, ಇಲ್ಲಿ ಬ್ಯಾಡ್ರಿ, ಹಿಂದ ಬರ್ರಿ, ಅಲ್ಲಿ ಒಡೀರಿ" ಎಂದು ಸಲಾಕೆಯ ಹತ್ತಿರ ಕರೆದೊಯ್ದೆ. ನೆಲ ಹಸಿಯಾದಷ್ಟೂ ಅರ್ಥಿಂಗ್ ಒಳ್ಳೆಯದು ಎಂಬುದು ನನ್ನ ಲೆಕ್ಕ. ಅವರು ಅಲ್ಲಿ ಒಡೆದದ್ದನ್ನು ನೋಡಿ ಇನ್ನಿಬ್ಬರು ಬಂದು ಒಡೆದರು. ಒಬ್ಬ ಮುದುಕಿ ಕುಂಕುಮ ಹಚ್ಚಿ, "ಇದು ಯಾವ ದೇವರಪಾ?" ಎಂದು ಕೇಳಿದಳು. "ಅರ್ಥಿಂಗ್ ಅವ್ವಾ" ಅಂದೆ. ಅವಳು ಕೈ ಮುಗಿದಳು. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಸಲಾಕೆಗೆ ಹೂವಿನ ಮಾಲೆ ಬಿದ್ದಿತ್ತು, ಊದಿನಕಡ್ಡಿ ಹೊಗೆಯಾಡುತ್ತಿತ್ತು. ಅಷ್ಟು ಭಕ್ತಿಯಿಂದ ಪೋಷಿಸಿದ ಅರ್ಥಿಂಗ್ ನಮ್ಮ ಜಿಲ್ಲೆಯಲ್ಲಿ ಮತ್ತೆಲ್ಲೂ ಇರಲಿಕ್ಕಿಲ್ಲ.

ಆ ಸಂಜೆ ನಾನು ಬಾರಿಸಿದ್ದು ಬಾರಿಸಿದ್ದೇ. ಪಕ್ಕದ ಆಂಪ್ಲಿಫೈಯರಿನಿಂದ ನನ್ನ ದನಿ ನನ್ನ ಕಿವಿಗೆ ಶುದ್ಧವಾಗಿ ಬರುತ್ತಿತ್ತು. ಕೋರಸಿಗೆ ಮೈಕಿಗೆ ತುಟಿ ಹಚ್ಚಿದೆ. ಏನೂ ಆಗಲಿಲ್ಲ. ಒಬ್ಬನೇ ಬಾರಿಸುವ ತುಣುಕು ಬಂದಾಗ ಗಿಳಿಯ ಕತ್ತು ಒತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿದೆ. ಶಿಳ್ಳೆಗಳು ಬಿದ್ದವು. ಕಣ್ಣಲ್ಲಿ ನೀರು ಬಂದದ್ದನ್ನು ಊದಿನಕಡ್ಡಿಯ ಹೊಗೆಯ ಮೇಲೆ ಹಾಕಿದೆ. ಇಳಿದು ಬಂದಾಗ ಕಾಕಾ ನನ್ನ ಬೆನ್ನು ಚಪ್ಪರಿಸಿ, "ಮಾಸ್ತರ, ಮಾನಲಾ ತುಮ್ಹಾಲಾ, ಒಪ್ಪಿದೆ ನಿಮಗ! ಒಂದ ಚೂರೂ ಗುಂಯ್ ಅನ್ನಲಿಲ್ಲ. ಇನ್ನ ನೀವು ನಮ್ಮವರ" ಅಂದರು. ಬಾಳಾಸಾಬ ಕಾಕಾ ಒಬ್ಬರನ್ನು ಒಪ್ಪಿ ಮಾತಾಡಿದ್ದನ್ನು ಹುಕ್ಕೇರಿಯಲ್ಲೂ ಯಾರೂ ಕೇಳಿರಲಿಕ್ಕಿಲ್ಲ.

ಎರಡು ದಿನ ಬಿಟ್ಟು, ಸಾಮಾನಿನ ಗಾಡಿಯಲ್ಲಿ ಹೋಗಿದ್ದ ನನ್ನ ರಬ್ಬರು ತರಲು ಮೂಡಲಗಿಗೆ ಹೋದೆ. ಅಲ್ಲಿ ನಮ್ಮ ಆರ್ಕೆಸ್ಟ್ರಾದ ಸೌಂಡು ನೋಡಿಕೊಳ್ಳುವ ಶಿವಲಿಂಗನ ಅಂಗಡಿ. ಒಳ್ಳೆಯ ಮನುಷ್ಯ, ನನ್ನ ಬಹಳ ದಿನದ ಗೆಳೆಯ. ದನಿ ಹೆಂಗಿತ್ತು ಎಂದು ಕೇಳಿದೆ. ಹೊಗಳಿಕೆಯನ್ನು ಇನ್ನೊಮ್ಮೆ ಕೇಳುವ ಆಸೆ, ಮತ್ತೇನಲ್ಲ. ಅವನು ತಲೆ ಕೆರೆದುಕೊಂಡ.

"ನಿಮಗ ಸುಳ್ಳ ಹೇಳಾಕ ಮನಸ್ಸ ಆಗವಲ್ದ್ರಿ. ನಿಮ್ಮ ಲೈನ್ ನಾ ಹಚ್ಚಿರಲೇ ಇಲ್ಲ."

"ಅಂದ್ರ?"

"ಮಿಕ್ಸರದಾಗ ನಿಮ್ಮ ಗುಂಡಿ ಪೂರಾ ಕೆಳಗ ಇಟ್ಟಿದ್ದೆ, ಮಂದಿ ಕಡೆ ಸ್ಪೀಕರಿಗೆ ನಿಮ್ಮ ಗಿಟಾರ ಹೋಗೇ ಇಲ್ಲ. ಗುಂಯ್ ಅಂದ್ರ ಕಾಕಾ ನಿಮ್ಮನ್ನ ತಗದ ಹಾಕ್ತಾನ ಅಂತ ಗೊತ್ತಿತ್ತು. ನೀವು ಹೋದ್ರ ನಮಗೂ ಬ್ಯಾಸರಾ ನೋಡ್ರಿ. ನಿಮ್ಮ ತುಕಡಿ ಎಲ್ಲಾ ಕೀಬೋರ್ಡಿನಾಂವನ ಕಡಿಂದ ಬಾರಿಸಿದೆ. ಯಾರಿಗೂ ಗೊತ್ತಾಗ್ಲಿಲ್ಲ."

ಯಾರಿಗೂ ಗೊತ್ತಾಗಲಿಲ್ಲ ಎಂಬುದನ್ನು ಅವನು ಸಮಾಧಾನಕ್ಕೆಂದು ಹೇಳಿದ. ಸಿಟ್ಟು ಮಾಡಬೇಕೆಂದರೆ ಅವನ ಮುಖದಲ್ಲಿ ಪ್ರೀತಿಯ ಹೊರತು ಏನೂ ಇರಲಿಲ್ಲ. ಬಸ್ಸಿನಲ್ಲಿ ಗೋಕಾಕದ ತನಕ ರಬ್ಬರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಷ್ಟು ದುಃಖ ನನಗೆ ಕರೆಂಟು ಹೊಡೆದಾಗಲೂ ಆಗಿರಲಿಲ್ಲ. ಕಸ್ತೂರಿಗೆ ಹೇಳಲಿಲ್ಲ. ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಾಗಿತ್ತು.

ಮುಂದಿನ ಕಾರ್ಯಕ್ರಮ ಯಮಕನಮರಡಿಯಲ್ಲಿ. ಇವತ್ತು ಎಲ್ಲರಿಗೂ ಕೇಳಿಸಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೋಗಿದ್ದೆ. ಶಿವಲಿಂಗ ಕಿವಿಯ ಹತ್ತಿರ ಬಂದು, "ಮಾಸ್ತರ, ಇವತ್ತ ನಿಮ್ಮ ಲೈನ್ ಹಚ್ಚಲೇನ್ರಿ?" ಎಂದು ಕೇಳಿದ. ಆ ಕಡೆ ಕಾಕಾ ಊರಿನ ಹಿರಿಯರಿಗೆ ನನ್ನನ್ನು ತೋರಿಸಿ, "ಹಾಂ, ಇವರ ನಮ್ಮ ಗಿಟಾರದವರು" ಎನ್ನುತ್ತಿದ್ದರು. ನನ್ನ ವಾಯರಿಂಗಿನಲ್ಲಿ ಒಂದು ದೋಷವೂ ಇರಲಿಲ್ಲ, ಅದು ನನಗೆ ಗೊತ್ತು. ಆದರೂ ಒಂದು ವೇಳೆ ಗುಂಯ್ ಅಂದರೆ?

"ಇವತ್ತೊಂದ ದಿನ ಬ್ಯಾಡ ಬಿಡಪಾ" ಅಂದೆ.

ಆ ದಿನ ಬೆನ್ನನ್ನು ಸ್ವಲ್ಪ ಜಾಸ್ತಿಯೇ ಬಾಗಿಸಿದೆನೆಂದು ಕಾಣುತ್ತದೆ, ಶಿಳ್ಳೆ ನಿಲ್ಲಲೇ ಇಲ್ಲ.