ಅಗಿದು ತಿಂದ ಮುದ್ದೆ

ಹಸಿವು ಕೂಡ ಒಂದು ಗಡಿಯಾರವೆಂದು ನನಗೆ ತಿಳಿದದ್ದು ಅದು ನಿಂತುಹೋದ ಮೇಲೆ. ತೂಕ ಇಳಿಸಲು ಆಪರೇಷನ್ ಮಾಡಿಸಿಕೊಂಡರೆ ಜಠರ ಚಿಕ್ಕದಾಗುತ್ತದೆಂದು ಗೊತ್ತಿತ್ತು. ಹಸಿವೇ ಊರು ಬಿಡುತ್ತದೆಂದು ಗೊತ್ತಿರಲಿಲ್ಲ. ಪ್ಯಾಂಟು ಸಡಿಲವಾಗುವ ಮೊದಲೇ ಸಕ್ಕರೆ ಕಾಯಿಲೆ ಇಳಿಯಿತು. "ಎಲ್ಲಾ ಕರುಳಿನ ಹಾರ್ಮೋನ್ ಮಹಿಮೆ" ಎಂದು ಡಾಕ್ಟರು ಮಾತ್ರೆ ನಿಲ್ಲಿಸಿದರು. ಹೊಸ ತಿಪ್ಪಸಂದ್ರದ ನನ್ನ ಪಾತ್ರೆ ಅಂಗಡಿಗೆ ಎದುರು ಬೇಕರಿಯ ಆಲೂ ಬನ್ನಿನ ಘಮ ಎಂದಿನಂತೆ ರಸ್ತೆ ದಾಟಿ ಬರುತ್ತಿತ್ತು. ನನ್ನ ಗುರುತು ಹತ್ತದೆ ಹಿಂದಿರುಗುತ್ತಿತ್ತು. ಮಧ್ಯಾಹ್ನ ಯಾವಾಗ ಸಂಜೆಯಾಯಿತೋ ತಿಳಿಯದೆ, ಹೊಳೆಯುವ ತಪ್ಪಲೆಗಳಲ್ಲಿ ನನ್ನ ಮುಖ ಕಿರಿದಾಗುವುದನ್ನು ನೋಡುತ್ತ ತೇಲುತ್ತಿದ್ದೆ. ಆರೋಗ್ಯವೇನೋ ಬಂದಿತ್ತು. ಆದರೆ ಜಗಳಗಂಟ ಗೆಳೆಯ ಮನೆ ಖಾಲಿ ಮಾಡಿದ ಹಾಗೆ ಬೇಜಾರು. ಅವನು ಮರಳಿ ಬಂದರೆ ಸಾಕಿತ್ತು.

ಹೀಗಿರುವಾಗ ಹೊರಮಾವಿನ ಅಕ್ಕ ಬೀಗರ ಬಾಡೂಟಕ್ಕೆ ಕರೆದಳು. ನಮ್ಮ ಕಡೆ ಎಲೆಯ ಮುಂದೆ ಕುಳಿತು ಬೇಡ ಎಂದರೆ ಸಂಬಂಧವೇ ಬೇಡ ಎಂದ ಹಾಗೆ. ಮೇಲಾಗಿ ಮುದ್ದೆಯನ್ನು ನುಂಗಬೇಕು. ಅಗಿದರೆ ಮಾನ ಹೋಯಿತು. ಡಾಕ್ಟರೋ ಪ್ರತಿ ತುತ್ತನ್ನೂ ಅಗಿದು ನೀರು ಮಾಡಿ ಎಂದಿದ್ದರು. ಅರ್ಧ ಮುದ್ದೆ ಸಾಕು ಎಂದೆ. "ನನ್ ಕೈ ಮುದ್ದೆ ಬೇಡ್ವೇನೋ? ಇದಕ್ಕಾ ಹೊಟ್ಟೆ ಕುಯ್ಸ್ಕೊಂಡಿದ್ದು?" ಎಂದ ಅಕ್ಕನ ಕಣ್ಣು ತುಂಬಿತು. ಅದಕ್ಕೆ ಹೆದರಿ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ವಂಶದ ಅಭ್ಯಾಸದಂತೆ ನುಂಗಿಬಿಟ್ಟೆ. ಅದು ಎದೆಯಲ್ಲಿ ನಿಂತಿತು. ಹಿತ್ತಿಲಿಗೆ ಓಡಿ ಕಕ್ಕಿದೆ. ಹಿಂದೆಯೇ ಬಂದ ಅಕ್ಕ ಬೆನ್ನು ಸವರುತ್ತ, "ನುಂಗಂಗಿಲ್ಲ ಅಂತ ಹೇಳ್ಬಾರ್ದೇನೋ!" ಎಂದು ಅತ್ತೇಬಿಟ್ಟಳು.

ನಾನು ಸುಧಾರಿಸಿಕೊಂಡ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂರಿಸಿ, ಗೋಲಿಯಷ್ಟು ಮುದ್ದೆ ಇಟ್ಟಳು. ಬೀಗರೆಲ್ಲ ನೋಡುತ್ತಿದ್ದರು. ನಾಚಿಕೆ ನನ್ನೊಬ್ಬನದೇ ಆಗದಿರಲೆಂದು ಪಕ್ಕದಲ್ಲಿ ಕುಳಿತು ತಾನೂ ಅಗಿಯತೊಡಗಿದಳು.

"ಹಲ್ಲಿಗೆ ಅಂಟ್ಕೊಳ್ತದಲ್ಲೋ! ರುಚೀನೇ ಇಲ್ವಲ್ಲ!"

"ಇಷ್ಟು ವರ್ಷ ನಾವು ಹೊಗಳಿದ್ದು ಸಾರನ್ನ ಅಕ್ಕಾ" ಎಂದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸಂಜೆ ಬಸ್ಸಿನ ಕಿಟಕಿಗೆ ಒರಗಿದಾಗ ಎದೆಯ ಕೆಳಗೆ ಏನೋ ಮೆಲ್ಲಗೆ ಮಿಸುಕಿತು. ಅಕ್ಕನ ಮೇಲಿನ ಅಕ್ಕರೆ ಎಂದುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಅನುಭವಿಸಿದೆ. ಬಾಣಸವಾಡಿಯಲ್ಲಿ ಬಸ್ಸು ಬೇಕರಿಯೊಂದರ ಮುಂದೆ ನಿಂತಾಗಲೇ ಗೊತ್ತಾದದ್ದು, ಅದು ಹಸಿವು. ಸಂತೋಷಕ್ಕೆ ಅಲ್ಲೇ ಇಳಿದುಬಿಟ್ಟೆ. ಅಷ್ಟರಲ್ಲಿ ಅಕ್ಕನ ಫೋನು: "ಹೆಂಗಿದ್ದೀಯೋ?"

"ನಿನ್ನೇ ನೆನೀತಿದ್ದೆ ಅಕ್ಕಾ" ಎಂದೆ, ಗಾಜಿನೊಳಗಿನ ಆಲೂ ಬನ್ನಿನ ಮೇಲಿಂದ ಕಣ್ಣು ತೆಗೆಯದೆ.